ತೊಟ್ಟು ಮುರಿಯದ ಮಿಡಿ

ಮಲೆನಾಡಿನ ಮಾವಿನ ಮಿಡಿ ಉಪ್ಪಿನಕಾಯಿಯ ಜಾಣ್ಮೆ ತೊಟ್ಟಿನಿಂದಲೇ ಶುರು ಎಂದರೆ ಪೇಟೆಯವರು ನಕ್ಕಾರು. ಶಿರಸಿ, ಸಾಗರದ ಕಡೆ ಹೊಳೆದಂಡೆಯ ಎತ್ತರದ ಮರ ಹತ್ತಿ, ಗೊರಟು ಬಲಿಯುವ ಮುಂಚೆಯೇ ಅಪ್ಪೆಮಿಡಿ ಕೊಯ್ದು, ಚೀಲಕ್ಕೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸುತ್ತಾರೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯೊಳಗೆ ತಾನೂ ಕೆಟ್ಟು ಜೊತೆಯವನ್ನೂ ಕೆಡಿಸುತ್ತದೆ. ತೊಟ್ಟನ್ನು ಚೂರು ಉಳಿಸಿಯೇ ಬಿಡಿಸಬೇಕು. ಬುಡಕ್ಕೆ ಕಿತ್ತರೆ ಸೊನೆ ಸೋರಿ ಪರಿಮಳವೇ ಹೋಯಿತು. ಜೀರಿಗೆ ಮಿಡಿಯೆಂಬ ತಳಿಯ ಘಮ ಕೂತಿರುವುದೇ ಆ ಸೊನೆಯಲ್ಲಿ.

ಆಮೇಲೆ ಕಲ್ಲುಪ್ಪು ಒಂದು ಪದರ, ಮಿಡಿ ಒಂದು ಪದರ. ಉಪ್ಪು ಒಳಗಿನ ನೀರನ್ನೆಲ್ಲ ಹೊರಗೆಳೆಯುತ್ತದೆ. ದಿನ ಕಳೆದಂತೆ ಮಿಡಿಗಳು ತಮ್ಮದೇ ನೀರಿನಲ್ಲಿ ಮುಳುಗಿ, ಅಜ್ಜಿಯ ಬೆರಳಿನಂತೆ ಸುಕ್ಕುಗಟ್ಟುತ್ತವೆ. ಕೈಯಾಡಿಸಲು ಒಣಗಿದ ಮರದ ಸೌಟು. ಒದ್ದೆ ಕೈಯವರು ಭರಣಿಯ ಹತ್ತಿರವೂ ಸುಳಿಯುವಂತಿಲ್ಲ. ನನಗೆ ಬಲು ಮೆಚ್ಚುಗೆಯಾದದ್ದು ಮುಂದಿನ ಕೆಲಸ: ಸಾಸಿವೆ, ಒಣಮೆಣಸು ರುಬ್ಬಲು ಬೇರೆ ನೀರು ಮುಟ್ಟದೆ, ಆ ಉಪ್ಪುನೀರನ್ನೇ ಕುದಿಸಿ ಆರಿಸಿ ಬಳಸುತ್ತಾರೆ. ಹೀಗೆ ಹಾಕಿದ ಮಿಡಿ ಆಷಾಢದ ಜಡಿಮಳೆಗೆ ಗಂಜಿಯ ಜೊತೆಗಾಗುತ್ತದೆ. ಜೋಪಾನ ಮಾಡಿದರೆ ಎರಡು ವರ್ಷವಾದರೂ ಹಲ್ಲಿಗೆ ಕರುಂ ಎನ್ನುತ್ತದೆ. ವಿನೆಗರ್ ಸುರಿದ ಬಾಟಲಿಯ ಉಪ್ಪಿನಕಾಯಿಗೆ ಆ ಸದ್ದು ಎಲ್ಲಿಂದ ಬರಬೇಕು!