ಕೋಣೆಯೊಳಗಿನ ಮಹಾಯುದ್ಧ

‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಮೊದಲ ಸೀಸನ್ನಿನ ಐದನೇ ಕಂತಿನಲ್ಲಿ ರಾಜ ರಾಬರ್ಟ್ ಮತ್ತು ರಾಣಿ ಸರ್ಸೈ ಒಂದು ಕೋಣೆಯಲ್ಲಿ ಎದುರುಬದುರು ಕೂತು ದ್ರಾಕ್ಷಾರಸ ಕುಡಿಯುತ್ತಾ ಮಾತಾಡುತ್ತಾರೆ. ಮೊದಲಿಗೆ ರಾಜಕಾರಣ. ಕಡಲಾಚೆಯ ಡೋಥ್ರಾಕಿ ದಂಡು ಬಂದಿಳಿದರೆ ಗತಿಯೇನು ಎಂಬ ಚಿಂತೆ. ಐದು ದೊಡ್ಡದೋ ಒಂದು ದೊಡ್ಡದೋ ಎಂದು ರಾಬರ್ಟ್ ಬೆರಳುಗಳನ್ನು ಬಿಡಿಸಿ, ಆಮೇಲೆ ಮುಷ್ಟಿ ಕಟ್ಟಿ ತೋರಿಸುತ್ತಾನೆ. ಅಲ್ಲಿಂದ ಮಾತು ಮೆಲ್ಲಗೆ ಅವರ 17 ವರ್ಷದ ದಾಂಪತ್ಯದತ್ತ ಹೊರಳುತ್ತದೆ. ಗಂಡ ಮನಸಾರೆ ಬಯಸಿದ್ದ, ಎಂದೋ ಸತ್ತುಹೋದ ಲಿಯಾನಾ ಹೇಗಿದ್ದಳು ಎಂದು ಸರ್ಸೈ ಕೇಳುತ್ತಾಳೆ. ಅವಳ ಮುಖವೇ ನೆನಪಿಲ್ಲ ಎನ್ನುತ್ತಾನೆ ರಾಬರ್ಟ್. ನಮ್ಮಿಬ್ಬರ ನಡುವೆ ಏನಾದರೂ ಹುಟ್ಟುವುದು ಎಂದಾದರೂ ಸಾಧ್ಯವಿತ್ತೇ ಎಂಬ ಅವಳ ಮುಂದಿನ ಪ್ರಶ್ನೆಗೂ ಅವನು ಸುಳ್ಳು ಹೇಳುವುದಿಲ್ಲ. ಮಾರ್ಕ್ ಆಡಿ, ಲೀನಾ ಹೆಡಿ ಇಬ್ಬರೂ ದನಿ ಏರಿಸುವುದೇ ಇಲ್ಲ. ಇಡೀ ಸೀಸನ್ನಿನಲ್ಲಿ ಇದಕ್ಕಿಂತ ಕ್ರೂರವಾದ ಕಾಳಗವನ್ನು ನಾನು ಕಂಡಿಲ್ಲ.

ಈ ದೃಶ್ಯ ಮೂಲ ಕಾದಂಬರಿಯಲ್ಲಿಲ್ಲ. ಸೀಸನ್ನಿಗೆ ಆಧಾರವಾದ, 1996ರಲ್ಲಿ ಬಂದ ‘ಎ ಗೇಮ್ ಆಫ್ ಥ್ರೋನ್ಸ್’ನಲ್ಲಿ ಜಾರ್ಜ್ ಆರ್.ಆರ್. ಮಾರ್ಟಿನ್ ಪ್ರತಿ ಅಧ್ಯಾಯವನ್ನೂ ಒಬ್ಬೊಬ್ಬ ಪಾತ್ರದ ಕಣ್ಣಿನಿಂದ ಹೇಳಿದ್ದಾರೆ. ಪೀಠಿಕೆ ಬಿಟ್ಟರೆ ಅಂಥ ಕಣ್ಣುಗಳು ಎಂಟೇ: ನೆಡ್, ಕ್ಯಾಟ್ಲಿನ್, ಸಾನ್ಸಾ, ಆರ್ಯ, ಬ್ರಾನ್, ಜಾನ್, ಟಿರಿಯನ್, ಡನೇರಿಸ್. ರಾಬರ್ಟನೂ ಅಲ್ಲಿಲ್ಲ, ಸರ್ಸೈಯೂ ಇಲ್ಲ. ಆದ್ದರಿಂದ ಗಂಡ ಹೆಂಡತಿ ಇಬ್ಬರೇ ಇರುವ ಆ ಕೋಣೆಗೆ ಓದುಗನಿಗೆ ಪ್ರವೇಶವೇ ಇರಲಿಲ್ಲ. ಬಾಗಿಲು ತೆರೆದದ್ದು ಕ್ಯಾಮೆರಾ. ತೆರೆಯಲು ಕಾರಣವಾದದ್ದು ಒಂದು ಸಂಕಟ. ಸಂಕಲನಕ್ಕೆ ಕೂತಾಗ ಹಲವು ಕಂತುಗಳು ಎಚ್‌ಬಿಒಗೆ ಬೇಕಾದಷ್ಟು ಉದ್ದ ಬಂದಿರಲಿಲ್ಲ. ಕೈಯಲ್ಲಿ ಹಣವೂ ಹೆಚ್ಚು ಉಳಿದಿರಲಿಲ್ಲ. ಸರಣಿ ಕಟ್ಟಿದ ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್ ಆಗ ಒಂದು ಕೋಣೆ, ಇಬ್ಬರು ನಟರು ಸಾಕಾಗುವ ದೃಶ್ಯಗಳನ್ನು ಬರೆದು ಸೇರಿಸಿದರು.

ಅವರಿಗೆ ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು. 2009ರಲ್ಲಿ ತೆಗೆದ ಪೈಲಟ್ ಕಂತನ್ನು ಆಪ್ತರಿಗೆ ತೋರಿಸಿದಾಗ ಜೇಮಿ ಮತ್ತು ಸರ್ಸೈ ಒಡಹುಟ್ಟಿದವರೆಂಬುದೇ ನೋಡಿದವರ ತಲೆಗೆ ಹೋಗಿರಲಿಲ್ಲ. ಕಥೆಯ ಬುಡವೇ ಅದು! ಬಹುಪಾಲು ಮತ್ತೆ ಚಿತ್ರೀಕರಿಸಬೇಕಾಯಿತು. ಕ್ಯಾಟ್ಲಿನ್ ಪಾತ್ರಕ್ಕೆ ಮಿಶೆಲ್ ಫೇರ್ಲಿ, ಡನೇರಿಸ್ ಪಾತ್ರಕ್ಕೆ ಎಮಿಲಿಯಾ ಕ್ಲಾರ್ಕ್ ಬಂದದ್ದು ಆ ಮೇಲೆಯೇ. 2011ರ ಏಪ್ರಿಲ್ 17ರಂದು ಮೊದಲ ಕಂತು ಪ್ರಸಾರವಾದಾಗ ಅದು ಎರಡನೇ ಸಲ ಹುಟ್ಟಿದ ಕೂಸು.

ಏಳು ರಾಜ್ಯಗಳ ಸಿಂಹಾಸನಕ್ಕಾಗಿ ನಡೆಯುವ ಹೋರಾಟದ ಕಥೆಯಲ್ಲಿ ಹತ್ತು ಕಂತು ಕಳೆದರೂ ಒಂದು ದೊಡ್ಡ ರಣರಂಗ ಕಾಣುವುದಿಲ್ಲ. ಗ್ರೀನ್ ಫೋರ್ಕ್ ಕದನ ಇನ್ನೇನು ಶುರುವಾಗಬೇಕು, ಟಿರಿಯನ್ ತನ್ನ ಕಡೆಯವರದೇ ನೂಕುನುಗ್ಗಲಿನಲ್ಲಿ ತಲೆಗೆ ಏಟು ತಿಂದು ಬೀಳುತ್ತಾನೆ. ಕಣ್ಣು ಬಿಟ್ಟಾಗ ಎಲ್ಲ ಮುಗಿದಿರುತ್ತದೆ. ಕಾದಂಬರಿಯಲ್ಲಿ ಅವನು ಹೋರಾಡುತ್ತಾನೆ. ಬದಲಾವಣೆಗೆ ಕಾರಣ ದುಡ್ಡು. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಅರ್ಥಗಾರಿಕೆಯ ಬಲದಿಂದ ಕುರುಕ್ಷೇತ್ರವನ್ನು ಎಬ್ಬಿಸಿ ನಿಲ್ಲಿಸುವ ತಾಳಮದ್ದಲೆ ಕೇಳಿ ಬೆಳೆದವರಿಗೆ ಇದು ಕೊರತೆ ಅನ್ನಿಸಲಾರದು. ಮೂರನೇ ಕಂತಿನ ಕೊನೆಯನ್ನೇ ನೋಡಿ. ಆರ್ಯ ತನ್ನ ಗುರು ಸಿರಿಯೊ ಫೊರೆಲ್ ಜೊತೆ ಮರದ ಕತ್ತಿ ಹಿಡಿದು ವರಸೆ ಕಲಿಯುತ್ತಿದ್ದಾಳೆ. ಬಾಗಿಲಲ್ಲಿ ನಿಂತ ಅಪ್ಪ ನೆಡ್ ಸ್ಟಾರ್ಕ್ ಮೊದಲು ನಗುತ್ತಾನೆ. ನೋಡುತ್ತಿದ್ದಂತೆ ಮರದ ಟಕಟಕ ಸದ್ದು ಉಕ್ಕಿನ ಸದ್ದಾಗುತ್ತದೆ, ಕಾದಾಟದ ಗದ್ದಲ ಸೇರಿಕೊಳ್ಳುತ್ತದೆ, ಶಾನ್ ಬೀನ್ ಮುಖದ ನಗು ಇಳಿಯುತ್ತದೆ. ಒಬ್ಬನೇ ಒಬ್ಬ ಸೈನಿಕ ತೆರೆಯ ಮೇಲಿಲ್ಲ. ಹಿಂದೆ ಕಂಡ ಯುದ್ಧವೂ ಮುಂದೆ ಬರಲಿರುವ ಯುದ್ಧವೂ ಅಪ್ಪನ ಕಿವಿಯಲ್ಲೇ ನಡೆದುಹೋಗುತ್ತವೆ.

ಚಾರ್ಲ್ಸ್ ಡಾನ್ಸ್ ಮೊದಲ ಬಾರಿ ಕಾಣಿಸಿಕೊಳ್ಳುವುದು ಏಳನೇ ಕಂತಿನಲ್ಲಿ. ಅವರ ಟೈವಿನ್ ಲ್ಯಾನಿಸ್ಟರ್ ಮಗ ಜೇಮಿಗೆ ಮನೆತನದ ಮರ್ಯಾದೆಯ ಪಾಠ ಹೇಳುತ್ತಾ ಒಂದು ಗಂಡು ಜಿಂಕೆಯ ಚರ್ಮ ಸುಲಿಯುತ್ತಿರುತ್ತಾನೆ. ಜಿಂಕೆ ರಾಬರ್ಟನ ಮನೆತನದ ಲಾಂಛನ. ಮೊದಲ ಕಂತಿನಲ್ಲೇ, ಗಂಟಲಿಗೆ ಜಿಂಕೆಯ ಕೊಂಬು ನಾಟಿ ಸತ್ತ ತೋಳವನ್ನು ಸ್ಟಾರ್ಕ್ ಮಕ್ಕಳು ಕಂಡಿದ್ದರು; ತೋಳ ಅವರ ಲಾಂಛನ. ಇವನ್ನು ಯಾರೂ ನಮಗೆ ಬಿಡಿಸಿ ಹೇಳುವುದಿಲ್ಲ. ನೋಡುವವರ ಬುದ್ಧಿಯ ಮೇಲೆ ಇಟ್ಟಿರುವ ಈ ಗೌರವವೇ ನನ್ನನ್ನು ಮತ್ತೆ ಮತ್ತೆ ಈ ಸೀಸನ್ನಿಗೆ ಎಳೆಯುತ್ತದೆ.

ಒಂಬತ್ತನೇ ಕಂತು ‘ಬೇಲರ್’. ನಿರ್ದೇಶನ ಅಲನ್ ಟೇಲರ್ ಅವರದು. ಪೋಸ್ಟರಿನಲ್ಲಿ ಸಿಂಹಾಸನದ ಮೇಲೆ ಕೂತಿದ್ದ ನಾಯಕ ನೆಡ್ ಸ್ಟಾರ್ಕನೇ ಇಲ್ಲಿ ಸಾಯುತ್ತಾನೆ. ಆಘಾತದ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಕಟ್ಟಿದ ಬಗೆಯ ಮಾತು ಕಡಿಮೆ. ಮೊದಲ ಕಂತಿನಲ್ಲಿ ನೆಡ್ ಕಾವಲು ತೊರೆದು ಓಡಿಬಂದವನೊಬ್ಬನ ತಲೆಯನ್ನು ತನ್ನ ಕೈಯಾರೆ ಕಡಿಯುತ್ತಾನೆ. ಶಿಕ್ಷೆ ವಿಧಿಸಿದವನೇ ಕತ್ತಿ ಎತ್ತಬೇಕೆಂದು ಪುಟ್ಟ ಬ್ರಾನ್‌ಗೆ ತಿಳಿಹೇಳುತ್ತಾನೆ. ಒಂಬತ್ತನೇ ಕಂತಿನಲ್ಲಿ ಶಿಕ್ಷೆ ವಿಧಿಸುವ ಹುಡುಗರಾಜ ಜಾಫ್ರಿ ದೂರದಲ್ಲಿ ನಿಂತು ನೋಡುತ್ತಾನೆ, ಕಡಿಯುವವನು ಬೇರೊಬ್ಬ. ಕತ್ತಿ ಮಾತ್ರ ಅದೇ, ನೆಡ್‌ನ ವಂಶದ್ದು. ಮಾಲ್ಟಾ ದ್ವೀಪದ ಫೋರ್ಟ್ ಮನೋಯಲ್‌ನಲ್ಲಿ ತೆಗೆದ ದೃಶ್ಯವಿದು. ಜನಸಂದಣಿ, ಕೂಗಾಟ, ಸಾನ್ಸಾಳ ಚೀರಾಟ ಎಲ್ಲ ಇದ್ದರೂ ಕೊನೆಯ ಗಳಿಗೆಯಲ್ಲಿ ಸದ್ದುಗಳು ಹಿಂದೆ ಸರಿಯುತ್ತವೆ. ನೆಡ್ ಒಮ್ಮೆ ತಲೆಯೆತ್ತಿ, ಆರ್ಯ ಹತ್ತಿ ನಿಂತಿದ್ದ ಪ್ರತಿಮೆಯತ್ತ ನೋಡುತ್ತಾನೆ. ಅವಳು ಅಲ್ಲಿಲ್ಲ. ಮಗಳು ಇದನ್ನು ನೋಡುವುದಿಲ್ಲ ಎಂಬಷ್ಟೇ ಸಮಾಧಾನ ಹೊತ್ತು ಅವನು ತಲೆ ಬಾಗಿಸುತ್ತಾನೆ.

2011ರ ಎಮ್ಮಿಯಲ್ಲಿ 13 ನಾಮನಿರ್ದೇಶನಗಳಿದ್ದರೂ ದಕ್ಕಿದ್ದು ಎರಡು. ಒಂದು ಟಿರಿಯನ್ ಆಗಿ ಪೀಟರ್ ಡಿಂಕ್ಲೇಜ್ ಅವರಿಗೆ, ಇನ್ನೊಂದು ಶೀರ್ಷಿಕೆಯ ವಿನ್ಯಾಸಕ್ಕೆ. ಎರಡೂ ಸರಿಯಾದ ಆಯ್ಕೆ. ರಾಮಿನ್ ಜವಾದಿಯವರ ಚೆಲ್ಲೊ ನಾದದ ಜೊತೆ ನೆಲದಿಂದ ಏಳುವ ಆ ಯಂತ್ರನಗರಗಳು ಬರೀ ಅಲಂಕಾರವಲ್ಲ, ಕಥೆ ಎಲ್ಲೆಲ್ಲಿ ನಡೆಯುತ್ತದೆಂದು ತಿಳಿಸುವ ಭೂಪಟ. ಹಾರಿಸಿ ಮುಂದೆ ಹೋಗಬೇಡಿ.

ಕ್ಷಮಿಸಲಾಗದ ಕೊರತೆಗಳೂ ಇವೆ. ರಾಬರ್ಟನಂಥ ಭೋಗಪ್ರಿಯ ರಾಜ ಬೇಟೆಗೆ ಹೊರಟರೆ ಡೇರೆ, ನಾಯಿ, ಕುದುರೆಗಳ ಜಾತ್ರೆಯೇ ಹೊರಡಬೇಕು. ಇಲ್ಲಿ ನಾಲ್ಕೈದು ಜನ ಕಾಡಿನಲ್ಲಿ ಕಾಲ್ನಡಿಗೆಯಲ್ಲಿ ಸಾಗುತ್ತಾರೆ. ಮಾರ್ಟಿನ್ ಅವರಿಗೂ ಅದು ಹಿಡಿಸಲಿಲ್ಲ. ಬಡತನ ಮಾತಿನ ಕೋಣೆಯೊಳಗೆ ವರವಾದದ್ದು ಬಯಲಿಗೆ ಬಂದಾಗ ಬಡತನವಾಗಿಯೇ ಉಳಿಯಿತು. ನನ್ನನ್ನು ಹೆಚ್ಚು ನೋಯಿಸುವುದು ಹೆಣ್ಣಿನ ದೇಹವನ್ನು ಬಳಸಿಕೊಂಡ ರೀತಿ. ಲಿಟಲ್‌ಫಿಂಗರ್ ಎಂಬ ಮಂತ್ರಿ ತನ್ನ ಹಳೆಯ ಕಥೆ ಹೇಳಿಕೊಳ್ಳಲು ಎದುರಿಗೆ ಬೆತ್ತಲೆ ಹೆಂಗಸರು ಬೇಕಿರಲಿಲ್ಲ. ಐಡನ್ ಗಿಲನ್ ಅವರಂಥ ನಟನ ದನಿಯೇ ಸಾಕಿತ್ತು. ಡನೇರಿಸಳ ಮೊದಲ ರಾತ್ರಿಯನ್ನಂತೂ ಕಾದಂಬರಿಗಿಂತ ಒರಟಾದ ಬಲಾತ್ಕಾರವಾಗಿಸಿದ್ದಾರೆ. ಡೇವಿಡ್ ಪೀಟರ್ಸನ್ ಅವರಿಂದ ಡೋಥ್ರಾಕಿಗಳಿಗಾಗಿ ವ್ಯಾಕರಣಸಹಿತ ಒಂದು ಭಾಷೆಯನ್ನೇ ಕಟ್ಟಿಸಿದವರು, ಆ ಭಾಷೆ ಆಡುವ ಜನರನ್ನು ಅವರ ನಾಯಕ ಖಾಲ್ ಡ್ರೋಗೋ ಒಬ್ಬನನ್ನು ಬಿಟ್ಟರೆ ಗುಂಪಾಗಿಯೇ ಉಳಿಸಿಬಿಟ್ಟರು.

2019ರಲ್ಲಿ ಎಂಟನೇ ಸೀಸನ್ ಮುಗಿದ ರೀತಿಗೆ ಬೇಸತ್ತು ಸರಣಿಯನ್ನೇ ದೂರ ಇಟ್ಟವರು ನನಗೆ ಬಹಳ ಮಂದಿ ಸಿಗುತ್ತಾರೆ. ಅವರಿಗೆ ನನ್ನ ಕೋರಿಕೆ: ಈ ಹತ್ತು ಕಂತುಗಳನ್ನು ಬಿಡಿಯಾಗಿ ನೋಡಿ. ಹೊಸಬರಿಗೆ ಮೊದಲೆರಡು ಕಂತುಗಳಲ್ಲಿ ಹೆಸರುಗಳು ಕಲಸಿಹೋಗುತ್ತವೆ, ತಾಳ್ಮೆ ಇರಲಿ. ಸಿಂಹಾಸನದ ಕೋಣೆಯಲ್ಲಿ ಇನ್ನೊಬ್ಬ ಮಂತ್ರಿ ವೇರಿಸ್ ಮತ್ತು ಲಿಟಲ್‌ಫಿಂಗರ್ ಒಬ್ಬರನ್ನೊಬ್ಬರು ಮಾತಿನಲ್ಲೇ ನಯವಾಗಿ ಇರಿಯುವ ಹೊತ್ತಿಗೆ ಯಾರು ಯಾರ ಕಡೆ ಎಂಬುದು ತಿಳಿಯಾಗಿರುತ್ತದೆ. ಮಕ್ಕಳು ಮಲಗಿದ ಮೇಲೆ ನೋಡಿ, ಮೊಬೈಲಿನಲ್ಲಿ ಬೇಡ, ಮತ್ತು ಒಂದೇ ರಾತ್ರಿಗೆ ಮುಗಿಸಬೇಡಿ. ಪ್ರಸಾರವಾದಾಗ ಪ್ರತಿ ಕಂತಿನ ನಡುವೆ ಒಂದೊಂದು ವಾರದ ಬಿಡುವಿತ್ತು. ‘ಬೇಲರ್’ ನೋಡಿದ ಮೇಲಾದರೂ ಒಂದು ದಿನ ಬಿಟ್ಟು ಹತ್ತನೇ ಕಂತಿಗೆ ಹೋಗಿ.