ಚಲನೆಯ ತೊಡಕು ಮತ್ತು ಶಾಸನದ ನಿರ್ವಚನ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ 2016ರ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಎಣಿಸಿದೆ. ಅನುಸೂಚಿಯಲ್ಲಿ ‘ಡಿಸ್ಪ್ರಾಕ್ಸಿಯಾ’ ಎಂಬ ಹೆಸರೂ ಬಂದಿರುವುದು ಸ್ತುತ್ಯವೇ ಸರಿ. ಆದರೆ ಅದನ್ನು ನಿರ್ದಿಷ್ಟ ಕಲಿಕಾ ನ್ಯೂನತೆಗಳೊಳಗೆ ಸೇರಿಸಿ, ಆ ವರ್ಗವನ್ನು ಭಾಷಾಗ್ರಹಣದ ಕೊರತೆಯೆಂದು ನಿರ್ವಚಿಸಿರುವುದು ನಮಗೆ ಸಮಂಜಸವಾಗಿ ತೋರುವುದಿಲ್ಲ. ಗುಂಡಿ ಹಾಕಿಕೊಳ್ಳಲು, ಕುಂಟೆಬಿಲ್ಲೆಯಾಡಲು, ಸಾಲು ಹಿಡಿದು ಬರೆಯಲು ತಡಬಡಿಸುವ ಮಗುವಿಗೆ ಭಾಷೆಯ ಕೊರತೆಯಿರಬೇಕೆಂದಿಲ್ಲ. 2013ರ ಡಿಎಸ್‌ಎಂ-5 ಇದನ್ನು ಚಲನೆಯ ತೊಡಕುಗಳಲ್ಲಿಯೇ ಇರಿಸಿದೆ.

ನಿರ್ವಚನದ ದೋಷವು ಸೇವೆಗೂ ಇಳಿಯುತ್ತದೆ. ಓದು, ಲೆಕ್ಕಗಳನ್ನಷ್ಟೇ ಅಳೆದರೆ ಅಂತಹ ಮಗು ಪರೀಕ್ಷಕರ ಕಣ್ಣಿಗೆ ಬೀಳದು. ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಉಪಾಧ್ಯಾಯರು ಅದನ್ನು ಸೋಮಾರಿತನವೆನ್ನಬಹುದು. ವೈದ್ಯರು ನರದೋಷವಿಲ್ಲವೆಂದು ಕಳುಹಿಸಬಹುದು. ಆಕ್ಯುಪೇಷನಲ್ ಥೆರಪಿಸ್ಟರ ಸಲಹೆ ತರಗತಿಯನ್ನು ತಲುಪದೆ ಹೋಗಬಹುದು. ಮೂವರ ಅರಿವೂ ಒಂದೇ ಕಡತದಲ್ಲಿ ಕೂಡಬೇಕು. ಆ ಕಡತವನ್ನು ತಾಯ್ತಂದೆಗಳು ಹೊತ್ತು ಅಲೆಯಬಾರದು, ಶಾಲೆಯೇ ಕಾಪಾಡಬೇಕು. ಶಾಸನವನ್ನು ತಿದ್ದುವವರೆಗೆ ಈ ಕಾರ್ಯ ಕಾಯಬೇಕಾಗಿಲ್ಲ.