ನಾಯಕಾಂತರವೂ ಪುನರಾರಂಭವೂ: ‘ಡಾಕ್ಟರ್ ಹೂ’ ಮಾಲಿಕೆಯ ಒಂದು ಸಮೀಕ್ಷೆ

1

ಒಬ್ಬ ಅರಸನು ಗತಿಸಿ ಮತ್ತೊಬ್ಬನು ಪಟ್ಟವೇರಿದಾಗ, ಅರಸನು ಬೇರೆಯಾದರೂ ರಾಜ್ಯವು ಅದೇ ಎಂಬುದನ್ನು ಪ್ರಜೆಗಳಿಗೆ ಮನಗಾಣಿಸುವ ಹೊಣೆ ಹೊಸಬನ ಮೇಲೆ ಬೀಳುತ್ತದೆ. ಖಾನಾಪುರ ತಾಲೂಕಿನ ಹಲಸಿಯಲ್ಲಿ, ಎಂದರೆ ಕದಂಬರ ಪಲಾಶಿಕೆಯಲ್ಲಿ, ದೊರೆತ ತಾಮ್ರಪಟಗಳು ಇದಕ್ಕೆ ಉತ್ತಮ ನಿದರ್ಶನಗಳಾಗಿವೆ. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಕೊಟ್ಟ ದತ್ತಿಯನ್ನೂ, ಶಾಂತಿವರ್ಮ ಮೃಗೇಶವರ್ಮರ ಕಾಲದಲ್ಲಿ ಅದು ನಡೆದುಬಂದುದನ್ನೂ ಸ್ಮರಿಸಿದ ಮೇಲೆಯೇ ರವಿವರ್ಮನ ಪಟವು ಅವನ ಸ್ವಂತ ದಾನಕ್ಕೆ ಬರುತ್ತದೆ. ಹಿಂದಿನವರ ಮಾತನ್ನು ಉಳಿಸಿಕೊಳ್ಳುವುದು ಹೊಸ ಆಳ್ವಿಕೆಯ ಮೊದಲ ಕೆಲಸವೆಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ.

ರಾಜ್ಯಕ್ಕೆ ಒದಗುವ ಈ ಪ್ರಶ್ನೆ ದೀರ್ಘಕಾಲ ನಡೆಯುವ ಕಥಾಮಾಲಿಕೆಗೂ ಒದಗುತ್ತದೆ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು 1963ರ ನವೆಂಬರ್ 23ರಂದು ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ದೂರದರ್ಶನ ಮಾಲಿಕೆಯು ನಾಯಕನಟನನ್ನು ಮತ್ತೆ ಮತ್ತೆ ಬದಲಿಸಿಕೊಂಡು ಅರುವತ್ತು ವರ್ಷಗಳನ್ನು ದಾಟಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನು ಬಲ್ಲರು. ಆದರೆ ಮನರಂಜನೆಯ ವಸ್ತುವೆಂದು ಇದರತ್ತ ವಿಮರ್ಶೆಯ ದೃಷ್ಟಿ ಹರಿದುದು ಕಡಿಮೆ. ಪ್ರತಿಯೊಂದು ಪುನರಾರಂಭದಲ್ಲಿಯೂ ಈ ಮಾಲಿಕೆಯು ತನ್ನ ಭೂತಕಾಲದೊಡನೆ ಹೇಗೆ ವ್ಯವಹರಿಸಿತು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2

ಮಾಲಿಕೆಯ ಹುಟ್ಟೇ ಇತಿಹಾಸದ ವಿದ್ಯಾರ್ಥಿಗೆ ಆಸಕ್ತಿಯ ವಿಷಯವಾಗಿದೆ. ಅನ್ಯಲೋಕದಿಂದ ಬಂದ ‘ಡಾಕ್ಟರ್’ ಎಂಬ ವೃದ್ಧನು ಹೊರಗಿನಿಂದ ಚಿಕ್ಕದಾಗಿಯೂ ಒಳಗೆ ವಿಶಾಲವಾಗಿಯೂ ಇರುವ ಕಾಲಯಂತ್ರದಲ್ಲಿ ಸಂಚರಿಸುತ್ತಾನೆ. ಅವನೊಡನೆ ಹೊರಡುವವರು ಅವನ ಮೊಮ್ಮಗಳು ಮತ್ತು ಆಕೆಯ ಶಾಲೆಯ ಇಬ್ಬರು ಶಿಕ್ಷಕರು: ಒಬ್ಬನು ವಿಜ್ಞಾನವನ್ನೂ ಮತ್ತೊಬ್ಬಳು ಇತಿಹಾಸವನ್ನೂ ಕಲಿಸುವವರು. ಭವಿಷ್ಯದ ಕಥೆಗಳಿಂದ ವಿಜ್ಞಾನವನ್ನೂ ಭೂತಕಾಲದ ಕಥೆಗಳಿಂದ ಚರಿತ್ರೆಯನ್ನೂ ಮಕ್ಕಳಿಗೆ ಪರಿಚಯಿಸುವುದು ಆಗಿನ ಆಶಯವಾಗಿದ್ದಿತು. ಮೊದಲನೆಯ ಕಥೆಯನ್ನು ನಿರ್ದೇಶಿಸಿದವರು 1938ರಲ್ಲಿ ಲಖನೌದಲ್ಲಿ ಜನಿಸಿದ ವಾರಿಸ್ ಹುಸೇನರೆಂಬುದು ಇಲ್ಲಿ ಸ್ಮರಣೀಯ.

1964ರ ‘ದಿ ಆಜ್ಟೆಕ್ಸ್’ ಕಥೆಯಲ್ಲಿ ಇತಿಹಾಸದ ಶಿಕ್ಷಕಿ ಬಾರ್ಬರಾ ಮೆಕ್ಸಿಕೋದ ಆಜ್ಟೆಕರ ನರಬಲಿಯನ್ನು ನಿಲ್ಲಿಸಲೆಳಸುತ್ತಾಳೆ. ನಡೆದುಹೋದುದನ್ನು ತಿದ್ದಲಾಗದೆಂದು ಡಾಕ್ಟರ್ ಎಚ್ಚರಿಸುತ್ತಾನೆ, ಆಕೆ ಸೋಲುತ್ತಾಳೆ. ಭೂತಕಾಲವು ನಮ್ಮ ಇಚ್ಛೆಯಂತೆ ಬಾಗುವ ವಸ್ತುವಲ್ಲ ಎಂಬ ಗಂಭೀರವಾದ ತತ್ತ್ವವು ಹೀಗೆ ಆರಂಭದಲ್ಲಿಯೇ ಮಾಲಿಕೆಯ ಅಡಿಗಲ್ಲಾಯಿತು.

3

ನಾಯಕಾಂತರದ ಪ್ರಸಂಗ ಒದಗಿದ್ದು 1966ರಲ್ಲಿ. ಡಾಕ್ಟರನಾಗಿದ್ದ ವಿಲಿಯಂ ಹಾರ್ಟ್‌ನೆಲ್ಲರ ಆರೋಗ್ಯವು ಕೆಟ್ಟಿದ್ದಿತು. ಮಾಲಿಕೆಯನ್ನು ನಿಲ್ಲಿಸಬಹುದಾಗಿತ್ತು, ಅವರನ್ನೇ ಹೋಲುವ ಇನ್ನೊಬ್ಬ ನಟನನ್ನು ತಂದು ಏನೂ ಆಗಿಲ್ಲವೆಂಬಂತೆ ನಡೆಸಬಹುದಾಗಿತ್ತು. ನಿರ್ಮಾಪಕರು ಇವೆರಡನ್ನೂ ಒಲ್ಲದೆ ಮೂರನೆಯ ಮಾರ್ಗವನ್ನು ಹಿಡಿದರು. ಅಕ್ಟೋಬರ್ 29ರ ಕಂತಿನಲ್ಲಿ ವೃದ್ಧನು ಕುಸಿದುಬಿದ್ದು ಬೇರೊಂದು ಮುಖದೊಡನೆ ಏಳುತ್ತಾನೆ. ಆ ಮುಖ ಪ್ಯಾಟ್ರಿಕ್ ಟ್ರೌಟನ್ನರದು. ಸ್ವಭಾವದಲ್ಲಿಯೂ ಇವನು ಬೇರೆಯೇ. ಗದರುವ ಅಜ್ಜನ ಸ್ಥಳದಲ್ಲಿ ಕೊಳಲೂದುವ ವಿನೋದಶೀಲನು ಬಂದನು.

ಇಲ್ಲಿಯ ಜಾಣ್ಮೆ ರೂಪಾಂತರದ ಚಮತ್ಕಾರದಲ್ಲಿಲ್ಲ, ಅದರ ನಂತರದ ಕಥೆಯಲ್ಲಿದೆ. ಜೊತೆಗಾರನಾದ ಬೆನ್ ಈ ಹೊಸಬನನ್ನು ನಂಬುವುದಿಲ್ಲ; ಪ್ರೇಕ್ಷಕನ ಮನಸ್ಸಿನ ಅನುಮಾನವೇ ಪಾತ್ರದ ಬಾಯಿಂದ ಹೊರಡುತ್ತದೆ. ಕಡೆಗೆ ಹಳೆಯ ವೈರಿಯಾದ ಡಾಲೆಕ್ ಯಂತ್ರಜೀವಿಯು ಇವನನ್ನು ಗುರುತಿಸುತ್ತದೆ. ಮಿತ್ರರಿಗಾಗದ ಗುರುತು ಶತ್ರುವಿಗೆ ಆಯಿತು. ಬದಲಾವಣೆಯನ್ನು ಮುಚ್ಚಿಡದೆ ಕಥೆಯೊಳಗೇ ಚರ್ಚೆಗೆ ತಂದುದರಿಂದ ಈ ಪುನರಾರಂಭವು ನಿಂತಿತು.

ಆದರೆ ಕಥೆಯಲ್ಲಿ ಭೂತಕಾಲವನ್ನು ಗೌರವಿಸಿದ ಸಂಸ್ಥೆಯು ವ್ಯವಹಾರದಲ್ಲಿ ಹಾಗೆ ನಡೆಯಲಿಲ್ಲ. ಹಳೆಯ ಮುದ್ರಿಕೆಗಳನ್ನು 1960-70ರ ದಶಕಗಳಲ್ಲಿ ಅಳಿಸಲಾಯಿತು. ಹಾರ್ಟ್‌ನೆಲ್ಲರು ಮಾರ್ಪಡುವ ಆ ಪ್ರಸಿದ್ಧ ಕಂತೂ ಟ್ರೌಟನ್ನರ ಮೊದಲ ಕಥೆಯ ಆರು ಕಂತುಗಳೂ ನಷ್ಟವಾದವು. ಮನೆಗಳಲ್ಲಿ ಪ್ರೇಕ್ಷಕರು ಧ್ವನಿಯನ್ನು ಮಾತ್ರ ಮುದ್ರಿಸಿಕೊಂಡಿದ್ದರಿಂದ ಅವು ಶಬ್ದರೂಪದಲ್ಲಿ ಉಳಿದವು. 2016ರಲ್ಲಿ ಆ ಧ್ವನಿಗೆ ಚಿತ್ರಗಳನ್ನು ಬರೆದು ಟ್ರೌಟನ್ನರ ಕಥೆಯನ್ನು ಪುನಾರಚಿಸಿದರು. ಸಂಸ್ಥೆಯು ಕಳೆದುದನ್ನು ಸಾಮಾನ್ಯ ಜನರು ಉಳಿಸಿದರು ಎಂಬುದು ಇತಿಹಾಸಕಾರನು ಮರೆಯಬಾರದ ಸಂಗತಿ.

4

ಪಾತ್ರವು ಉಳಿದು ನಟನು ಬದಲಾಗುವುದು ನಮ್ಮ ಸೀಮೆಗೆ ಹೊಸದಲ್ಲ. ಕುಲಗೋಡ ತಮ್ಮಣ್ಣನು ಬೆಳೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆ ಒಬ್ಬಳೇ. ಆ ವೇಷವನ್ನು ಧರಿಸಿದವರು ಅನೇಕರು. ಕೌಜಲಗಿಯ ನಿಂಗಮ್ಮನವರು ಈ ಆಟದಲ್ಲಿ ಖ್ಯಾತಿವೆತ್ತು ಮೇಳವನ್ನೇ ನಡೆಸಿದರು. ಕಂಪನಿ ನಾಟಕದಲ್ಲಿ ಏಣಗಿ ಬಾಳಪ್ಪನವರು (1914-2018) ತಾರುಣ್ಯದಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿ, ಮುಂದೆ ಬಸವೇಶ್ವರನ ಪಾತ್ರದಿಂದ ಜನಮನವನ್ನು ಗೆದ್ದರು. ಇಂತಹ ರಂಗಭೂಮಿಯನ್ನು ಕಂಡ ಬೆಳಗಾವಿಯ ಪ್ರೇಕ್ಷಕನಿಗೆ ನಟನ ದೇಹವೇ ಪಾತ್ರವಲ್ಲವೆಂದು ಬೋಧಿಸಬೇಕಾಗಿಲ್ಲ.

ಆದರೂ ಒಂದು ಭೇದವನ್ನು ಗಮನಿಸಬೇಕು. ಪಾರಿಜಾತದಲ್ಲಿ ನಟನ ಬದಲಾವಣೆಯು ಕಥೆಯ ಹೊರಗಿನ ಸಂಗತಿ. ಭಾಮೆಗೆ ತನ್ನ ಮುಖ ಬದಲಾದುದು ತಿಳಿಯದು. ಡಾಕ್ಟರನಿಗೆ ತಿಳಿಯುತ್ತದೆ. ಅವನು ಹಿಂದಿನ ಮುಖಗಳ ನೆನಪನ್ನೂ ಋಣವನ್ನೂ ಹೊತ್ತು ನಡೆಯಬೇಕು. 2017ರ ಕ್ರಿಸ್‌ಮಸ್ ದಿನ ಜೋಡಿ ವಿಟ್ಟೇಕರರು ಮೊದಲ ಸ್ತ್ರೀ ನಾಯಕಿಯಾಗಿ ಕಾಣಿಸಿಕೊಂಡಾಗ ಎದ್ದ ಆಕ್ಷೇಪಣೆಗಳಿಗೆ ನಮ್ಮ ರಂಗಭೂಮಿಯ ಉದಾಹರಣೆಯನ್ನು ಉತ್ತರವಾಗಿ ಕೊಡುವುದು ಸುಲಭ, ಆದರೆ ಪೂರ್ತಿ ಸರಿಯಲ್ಲ. ಬಾಳಪ್ಪನವರು ಸ್ತ್ರೀಪಾತ್ರವನ್ನು ವಹಿಸಿದಾಗ ಪಾತ್ರವು ಸ್ತ್ರೀಯಾಗಿಯೇ ಇದ್ದಿತು. ಇಲ್ಲಿ ಪಾತ್ರವೇ ಸ್ತ್ರೀಯಾಯಿತು. ಮುಖವೂ ವಯಸ್ಸೂ ಸ್ವಭಾವವೂ ಬದಲಾಗಬಹುದೆಂದು 1966ರಲ್ಲಿಯೇ ಒಪ್ಪಿದ ಕಥೆಗೆ ಇದೂ ಅಸಂಗತವಲ್ಲ ಎಂಬುದೇ ಯೋಗ್ಯವಾದ ಉತ್ತರ.

5

ಎಲ್ಲ ಪುನರಾರಂಭಗಳೂ ಸಮಾನ ಯೋಗ್ಯತೆಯವಲ್ಲ. 1984ರಲ್ಲಿ ಕಾಲಿನ್ ಬೇಕರರ ಡಾಕ್ಟರನು ಬಂದೊಡನೆಯೇ ತನ್ನ ಜೊತೆಗಾತಿಯ ಕೊರಳನ್ನು ಹಿಸುಕುತ್ತಾನೆ. ಬದಲಾವಣೆಯನ್ನು ತೀವ್ರವಾಗಿ ತೋರಿಸುವ ಹಂಬಲದಲ್ಲಿ ಪಾತ್ರದ ಧರ್ಮವೇ ಭಂಗವಾಯಿತು. ಮುಂದೆ ಮಾಲಿಕೆಯು ಹದಿನೆಂಟು ತಿಂಗಳು ತಡೆಹಿಡಿಯಲ್ಪಟ್ಟಿತು; 1989ರಲ್ಲಿ ನಿಂತೇಹೋಯಿತು. ಇದಕ್ಕೆ ಆ ಒಂದು ದೃಶ್ಯವೇ ಕಾರಣವೆನ್ನಲಾಗದು. ಆದರೆ ಪ್ರೇಕ್ಷಕನ ವಿಶ್ವಾಸವನ್ನು ಗಳಿಸುವ ಮೊದಲೇ ವ್ಯಯಮಾಡಿದ ಉದಾಹರಣೆ ಇದು.

2005ರಲ್ಲಿ ರಸೆಲ್ ಟಿ. ಡೇವಿಸರ ಲೇಖನದಲ್ಲಿಯೂ ಕ್ರಿಸ್ಟೋಫರ್ ಎಕಲ್‌ಸ್ಟನ್ನರ ನಾಯಕತ್ವದಲ್ಲಿಯೂ ಮಾಲಿಕೆ ಮರಳಿತು. ಹಳೆಯ ಕಥೆಗಳ ಭಾರವನ್ನು ಅವರು ಮೊದಲ ಕಂತಿನ ಮೇಲೆ ಹೊರಿಸಲಿಲ್ಲ. ಅಂಗಡಿಯಲ್ಲಿ ದುಡಿಯುವ ರೋಸ್ ಎಂಬ ಸಾಮಾನ್ಯ ಯುವತಿಯ ಕಣ್ಣುಗಳಿಂದ ನಾಯಕನನ್ನು ತೋರಿಸಿ, ನಾಯಕಾಂತರದ ರಹಸ್ಯವನ್ನು ಸರಣಿಯ ಕೊನೆಯವರೆಗೂ ತಡೆದರು. ಏನೂ ಅರಿಯದವನು ಪ್ರವೇಶಿಸಬಹುದು, ಬಲ್ಲವನು ಗುರುತಿಸಬಹುದು: ಪುನರಾರಂಭದ ಮೇಲ್ಪಂಕ್ತಿಯೇ ಇದು.

ವಿಟ್ಟೇಕರರ ಕಾಲದ ಕಥೆಗಳೆಲ್ಲವೂ ಸಮನಾಗಿಲ್ಲ. ಆದರೆ 2018ರ ನವೆಂಬರ್ 11ರಂದು ಪ್ರಸಾರವಾದ, ವಿನಯ್ ಪಟೇಲರ ‘ಡೀಮನ್ಸ್ ಆಫ್ ದಿ ಪಂಜಾಬ್’ ನಮ್ಮ ವಿಶೇಷ ಗಮನಕ್ಕೆ ಅರ್ಹವಾದುದು. 1947ರ ಆಗಸ್ಟಿನ ಪಂಜಾಬಿನಲ್ಲಿ ಮುಸ್ಲಿಂ ವಧು ಉಂಬ್ರೀನಳಿಗೂ ಹಿಂದೂ ವರ ಪ್ರೇಮನಿಗೂ ವಿವಾಹವಾಗುತ್ತದೆ. ದೇಶವಿಭಜನೆಯ ಉನ್ಮಾದಕ್ಕೆ ಸಿಲುಕಿದ ವರನ ಸ್ವಂತ ತಮ್ಮನೇ ಕೊಲೆಗಾರರನ್ನು ಕರೆತರುತ್ತಾನೆ. ಕಥೆಯ ಅನ್ಯಲೋಕದವರು ಹಂತಕರೆಂದು ಮೊದಲು ತೋರಿದರೂ, ಏಕಾಕಿಯಾಗಿ ಸಾಯುವವರಿಗೆ ಸಾಕ್ಷಿಯಾಗುವುದೇ ಅವರ ವ್ರತವೆಂದು ತಿಳಿದುಬರುತ್ತದೆ. ಡಾಕ್ಟರಳು ಪ್ರೇಮನನ್ನು ಉಳಿಸಲಾರಳು, ಉಳಿಸಿದರೆ ಜೊತೆಗಾತಿ ಯಾಸ್ಮಿನಳ ಹುಟ್ಟೇ ಇಲ್ಲವಾಗುತ್ತದೆ. ಬಾರ್ಬರಾ 1964ರಲ್ಲಿ ಕಲಿತ ಪಾಠವು ಐವತ್ತನಾಲ್ಕು ವರ್ಷಗಳ ತರುವಾಯ, ಹೊಸ ನಾಯಕಿಯ ಕಾಲದಲ್ಲಿ, ಆಳವಾಗಿ ಮರಳಿತು. ತಿದ್ದಲಾಗದ ಭೂತಕಾಲಕ್ಕೆ ಸಾಕ್ಷಿಯಾಗಿ ನಿಲ್ಲುವುದು ಸಾಧ್ಯ. ಇತಿಹಾಸಕಾರನ ಕೆಲಸವೂ ಬೇರೆಯಲ್ಲ. ಮಾಲಿಕೆಯ ನಿಜವಾದ ಸಾತತ್ಯವು ಮುಖದಲ್ಲಿಲ್ಲ, ಇಂತಹ ತತ್ತ್ವದಲ್ಲಿದೆ.

ಈ ಅಳತೆಗೋಲಿನಿಂದ ನೋಡಿದರೆ ಈಚಿನ ಬೆಳವಣಿಗೆ ತೃಪ್ತಿಕರವಲ್ಲ. ಶೂಟಿ ಗಟ್ವಾರೊಡನೆ ಮಾಲಿಕೆಯು ತನ್ನನ್ನು ಮತ್ತೆ ಮೊದಲನೆಯ ಸರಣಿಯೆಂದು ಎಣಿಸಿಕೊಂಡಿತು. 2025ರ ಮೇ 31ರಂದು ಅವರು ನಿರ್ಗಮಿಸಿದಾಗ ಕಾಣಿಸಿದ ಮುಖ, 2005ರಲ್ಲಿ ರೋಸ್ ಆಗಿದ್ದ ಬಿಲ್ಲಿ ಪೈಪರರದು. ನಾಮಾವಳಿಯಲ್ಲಿ ಅವರ ಪಾತ್ರದ ಹೆಸರೂ ಇರಲಿಲ್ಲ. ಸಂಖ್ಯೆಯಲ್ಲಿ ಹೊಸದೆಂದು ಸಾರುತ್ತ ಮುಖದಲ್ಲಿ ಹಳೆಯ ಪ್ರೀತಿಯನ್ನು ಯಾಚಿಸುವುದು ಅಪರಿಚಿತನನ್ನು ನಂಬಿಸುವ ಶ್ರಮದಿಂದ ತಪ್ಪಿಸಿಕೊಂಡಂತೆ. ಟ್ರೌಟನ್ನರಿಗೆ ಈ ಸೌಲಭ್ಯ ಇರಲಿಲ್ಲ. ಆದುದರಿಂದಲೇ ಅವರ ಗೆಲುವು ದೊಡ್ಡದು.

6

ಸ್ಮರಣೆ ಮತ್ತು ಅನುಕರಣೆ ಒಂದೇ ಅಲ್ಲ. ಹಿಂದಿನವನ ಮಾತನ್ನು ನಡೆಸುವವನು ಉತ್ತರಾಧಿಕಾರಿ. ಹಿಂದಿನವನ ಮುಖವನ್ನು ತೊಡುವವನು ವೇಷಧಾರಿ. ಈ ಭೇದವು ರಾಜವಂಶಕ್ಕೂ ನಾಟಕ ಮಂಡಳಿಗೂ ವಿದ್ಯಾಸಂಸ್ಥೆಗೂ ಅನ್ವಯಿಸುತ್ತದೆ.

ಲಂಡನ್ನಿನಲ್ಲಿ ಅಳಿಸಿಹೋದ ಮುದ್ರಿಕೆಗಳಿಗಾಗಿ ಮರುಗುವ ನಾವು ನಮ್ಮ ಜಿಲ್ಲೆಯ ಪಾರಿಜಾತ ಮೇಳಗಳಲ್ಲಿ ಭಾಮೆಯಾದವರು ಯಾರು, ಯಾವ ಊರಿನಲ್ಲಿ, ಯಾವ ವರ್ಷ, ಯಾರಿಂದ ಕಲಿತು ಯಾರಿಗೆ ಬಿಟ್ಟುಕೊಟ್ಟರು ಎಂಬುದನ್ನು ಬರೆದಿಡಬೇಕಾಗಿದೆ. ಖಾನಾಪುರ, ಬೈಲಹೊಂಗಲ, ಗೋಕಾಕಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಿರಿಯ ಕಲಾವಿದರ ಧ್ವನಿಯನ್ನು ಕೈಯಲ್ಲಿರುವ ಮೊಬೈಲಿನಲ್ಲಿಯೇ ಮುದ್ರಿಸಿ, ದಿನಾಂಕ ಸ್ಥಳಗಳನ್ನು ನಮೂದಿಸಿ ವಿಭಾಗಕ್ಕೆ ಒಪ್ಪಿಸಿದರೆ ಅದು ಯಾವ ಪ್ರಬಂಧಕ್ಕೂ ಕಡಿಮೆಯಲ್ಲದ ಸಂಶೋಧನೆಯಾಗುವುದು.